ಇಂದ್ರಾಣಿ ಹಳ್ಳವಾದ ವರ್ಷ

ನಮ್ಮೂರ ಆಟದಲ್ಲಿ ನನ್ನದು ಗುಡ್ಡದ ವೇಷ. ನಗಬೇಡಿ. ನಮ್ಮಪ್ಪನೂ ಗುಡ್ಡ ಆಗಿದ್ದ, ಅವನ ಅಪ್ಪನೂ ಗುಡ್ಡ ಆಗಿದ್ದ. ಹಸಿರು ಕಂಬಳಿ ಹೊದ್ದು ತಳ್ಳುಗಾಡಿ ಮೇಲೆ ಕೂರಬೇಕು. ಆಟ ಮುಗಿಯೋ ತನಕ ಅಲ್ಲಾಡಬಾರದು, ತುಟಿ ಬಿಚ್ಚಬಾರದು. ಊರಿನ ಯಾವ ಮೂಲೆಯಲ್ಲಿ ನಿಂತರೂ ಗುಡ್ಡ ಕಾಣುತ್ತಲ್ಲ, ಅದಕ್ಕೆ ಆಟ ಯಾವ ಬೀದಿಗೆ ಹೋದರೂ ಗುಡ್ಡವನ್ನೂ ಹಿಂದೆಯೇ ತಳ್ಳಿಕೊಂಡು ಬರ್ತಾರೆ. ನೋಡೋರಿಗೆ ಇದಕ್ಕಿಂತ ಸುಖದ ಕೆಲಸ ಇನ್ನೊಂದಿಲ್ಲ ಅನ್ನಿಸುತ್ತೆ. ಆದರೆ ನಾನು ಹಿಟ್ಟಿನ ಗಿರಣಿ ನಡೆಸೋನು ಸ್ವಾಮಿ. ಮಿಷನ್ನಿನ ಸದ್ದಿನ ಮೇಲೆ ಕೂಗಿ ಕೂಗಿಯೇ ಮಾತು ಕಲಿತವನು. ಮಾತಾಡದೆ ಇದ್ದರೆ ನನಗೆ ಉಂಡ ಅನ್ನ ಅರಗಲ್ಲ. "ಮನೇಲಿ ಒಂದು ಗಳಿಗೆ ಬಾಯಿ ಮುಚ್ಚದ ಮನುಷ್ಯ, ಅಲ್ಲಿ ಹೋಗಿ ಗುಡ್ಡವಂತೆ ಗುಡ್ಡ" ಅಂತ ನನ್ನ ಹೆಂಡತಿ ಪ್ರತಿವರ್ಷ ಆ ಕಂಬಳಿ ಒಗೆದು ಹರವುವಾಗ ಗೊಣಗ್ತಾಳೆ.

ಹಾಗಂತ ಹಗುರವಾಗಿ ತಗೊಳ್ಳೋ ವೇಷವಲ್ಲ ಅದು. ಒಂದು ವರ್ಷ ಯಾರದೋ ಮನೆಯ ಒಗ್ಗರಣೆ ಘಾಟಿಗೆ ಆಟದ ಮಧ್ಯೆ ಸೀನಿಬಿಟ್ಟೆ. ಆ ಮಳೆಗಾಲದಲ್ಲಿ ಗುಡ್ಡದಿಂದ ಒಂದು ಬಂಡೆ ಉರುಳಿ ಬಂದು ಮುದ್ದವೀರಪ್ಪನ ಹಿತ್ತಿಲಲ್ಲಿ ಕೂತಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಈಗ ಅವನ ಹೆಂಡತಿ ಅದರ ಮೇಲೆ ಹಪ್ಪಳ ಒಣಗಿಸ್ತಾಳೆ. ಮುಂದೆ ನನ್ನ ನೆತ್ತಿಯ ಕೂದಲು ಉದುರೋಕೆ ಶುರುವಾದಾಗಂತೂ ಊರಿಗೆ ಊರೇ ಗಾಬರಿ ಬಿತ್ತು. ಗುಡ್ಡದ ತುದಿಯಲ್ಲಿ ಗಿಡಮರ ಒಣಗ್ತಾ ಬಂದಿತ್ತು. ಹೆಂಗಸರು ದಾಸವಾಳದ ಎಣ್ಣೆ, ಗರುಗದ ಸೊಪ್ಪಿನ ಎಣ್ಣೆ ಅಂತ ಕಾಸಿ ಗಿರಣಿಗೆ ತಂದುಕೊಡೋರು. ಬರೀ ಕೊಟ್ಟು ಹೋಗ್ತಿರಲಿಲ್ಲ, ನಾನು ಹಚ್ಚಿಕೊಳ್ಳೋದನ್ನ ನಿಂತು ನೋಡಿಯೇ ಹೋಗೋರು. ಕ್ಷೌರದಂಗಡಿಯವನು ಇವತ್ತಿಗೂ ಊರ ಹಿರಿಯರನ್ನ ಕೇಳದೆ ನನ್ನ ತಲೆಗೆ ಕತ್ತರಿ ಇಡೋದಿಲ್ಲ. ಈಗ ನನ್ನ ನೆತ್ತಿಯಲ್ಲೂ ಒಂದಿಷ್ಟು ಇದೆ, ಗುಡ್ಡದ ನೆತ್ತಿಯಲ್ಲೂ ಒಂದಿಷ್ಟು ಇದೆ. ಆ ತಾಯಂದಿರ ಋಣ ನಾನು ಯಾವ ಜನ್ಮಕ್ಕೆ ತೀರಿಸ್ತೀನೋ ಗೊತ್ತಿಲ್ಲ.

ಹಳ್ಳದ ವೇಷ ನಮ್ಮಕ್ಕ ಸೀಬಮ್ಮನದು. ಊರಿಗೆಲ್ಲ ಸೀಬಕ್ಕ. ಮುಂಗಾರಿಗೆ ಮುಂಚೆ, ಬೆಳಗಿನ ತಿಂಡಿ ಮುಗಿಸಿ ಆಟ ಶುರು. ಹಳ್ಳದ ವೇಷದವರು ನೀಲಿ ಸೀರೆ ಉಟ್ಟು, ಉದ್ದನೆಯ ಸೆರಗನ್ನ ನೆಲದ ಮೇಲೆ ಎಳೆದುಕೊಂಡು ಊರ ತಲೆಯಿಂದ ಕುಂಬಾರ ಬೀದಿಯ ತುದಿ ತನಕ ನಡೀಬೇಕು. ಹಳ್ಳ ಹಾಯುವ ಒಂದೊಂದು ಜಾಗದಲ್ಲೂ ನಿಂತು ಆ ಜಾಗದ ಕಥೆ ಹೇಳಬೇಕು. ಮೊದಲು ಒಗೆಯೋ ಬಂಡೆ, ಆಮೇಲೆ ನೇರಳೆ ಮರ, ಆಮೇಲೆ ಮೇದರ ಬಿದಿರು ಮೆಳೆ, ಕಟ್ಟಕಡೆಗೆ ಕುಂಬಾರರ ಮಣ್ಣಿನ ಗುಂಡಿ. ಅವರು ಹೇಗೆ ನಡೀತಾರೋ, ಹೇಗೆ ನುಡೀತಾರೋ, ಆ ವರ್ಷ ಹಳ್ಳ ಹಾಗೇ ಹರಿಯುತ್ತೆ.

ನಮ್ಮಕ್ಕನದು ಚುರುಕು ಕಾಲು, ಅದಕ್ಕಿಂತ ಚುರುಕು ನಾಲಿಗೆ. ಬಾಣಲೆಯಲ್ಲಿ ಹುರಳಿ ಸಿಡಿದ ಹಾಗೆ ಮಾತು. ಜನಕ್ಕೆ ಅದೇ ಇಷ್ಟ. ವರ್ಷದಿಂದ ವರ್ಷಕ್ಕೆ ಕಥೆಗಳು ಗಿಡ್ಡ ಆಗ್ತಾ ಬಂದವು. ನೇರಳೆ ಮರದ ಹತ್ತಿರ "ಇಲ್ಲೊಬ್ಬಳು ಮದುಮಗಳು ಹಣ್ಣು ತಿಂದಳು, ನಡೀರಿ ಮುಂದಕ್ಕೆ" ಅಂದುಬಿಡೋಳು. ಊಟದ ಹೊತ್ತಿಗೆಲ್ಲ ಆಟ ಮುಗಿದು ಎಲ್ಲರೂ ಎಲೆ ಮುಂದೆ ಕೂತಿರ್ತಿದ್ದರು. ಹಳ್ಳವೂ ಹಾಗೇ. ಮಳೆ ಬಿದ್ದೊಡನೆ ಧಡಧಡ ಅಂತ ಬರೋದು, ನೋಡೋಕೆ ಎರಡು ಕಣ್ಣು ಸಾಲದು, ದೀಪಾವಳಿಯ ಹಣತೆ ತೊಳೆದು ಒಳಗಿಡೋ ಹೊತ್ತಿಗೆ ಬರೀ ಮರಳು. ನಾವು ಅದಕ್ಕೂ ಒಗ್ಗಿಕೊಂಡಿದ್ವಿ. ನೀರಿದ್ದಾಗ ಮನೆಯ ಕೌದಿ ಕಂಬಳಿಯೆಲ್ಲ ಒಗೆದುಕೊಳ್ಳೋದು, ಮಿಕ್ಕ ಕಾಲ ಬಾವಿಯ ತಳ ಕೆರೆಯೋದು.

ಒಂದು ಕಟ್ಟುನಿಟ್ಟು ಮಾತ್ರ ಇತ್ತು: ಹಳ್ಳದ ವೇಷದವರಿಗೆ ಯಾರೂ ಮಾತು ಎತ್ತಿಕೊಡಬಾರದು. ಒಂದು ವರ್ಷ ನಮ್ಮಕ್ಕ ಒಂದೇ ಒಂದು ಕಡೆ ತಡವರಿಸಿದಳು. ಹಿಂದೆ ನಿಂತಿದ್ದ ಮುದ್ದವೀರಪ್ಪ, ಅದೇ ಹಪ್ಪಳದ ಬಂಡೆಯ ಮುದ್ದವೀರಪ್ಪ, ತಡೆಯೋಕಾಗದೆ ಮಾತು ಎತ್ತಿಕೊಟ್ಟ. ಆ ವರ್ಷ ಹಳ್ಳ ಅಲ್ಲಿಂದ ತಿರುಗಿ ಸೀದಾ ಅವನ ಅಡುಗೆಮನೆಗೆ ನುಗ್ಗಿತು. ಪಾಪ, ಮಳೆಗಾಲ ಪೂರ್ತಿ ಅಟ್ಟದ ಮೇಲೆ ಒಲೆ ಹೂಡಿಕೊಂಡು ಬೇಯಿಸಿ ತಿಂದರು. ಆದರೂ ಅವನನ್ನ ಬೈಯೋಕೆ ನಮಗೆ ಬಾಯಿಲ್ಲ. ನಮ್ಮೂರ ಚಾಳಿಯೇ ಅದು. ಯಾರಾದರೂ "ನಿನ್ನೆ ನಾನು ಪೇಟೆಗೆ..." ಅಂತ ಉಸಿರು ತಗೊಂಡರೆ ಸಾಕು, "ಹೋಗಿದ್ದೆ, ಬಸ್ಸು ಸಿಗಲಿಲ್ಲ, ನಡ್ಕೊಂಡು ಬಂದೆ" ಅಂತ ಮುಗಿಸಿಕೊಡೋಕೆ ನಾಲ್ಕು ಜನ ಸಿದ್ಧ. ಪ್ರೀತಿ ಅಂದ್ರೆ ಅದೇ ಅಂತ ನಾವೆಲ್ಲ ತಿಳಿದಿದ್ದು.

ಹೀಗಿರುವಾಗ ನಮ್ಮಕ್ಕನ ಮಂಡಿ ಹೋಯಿತು. ಎರಡು ವರ್ಷ ಸತತವಾಗಿ ಬಿದಿರು ಮೆಳೆ ಮುಟ್ಟೋ ಹೊತ್ತಿಗೆ "ಅಯ್ಯಪ್ಪಾ, ಇನ್ನಾಗಲ್ಲ" ಅಂತ ಕೂತುಬಿಟ್ಟಳು. ಹಳ್ಳವೂ ಅಲ್ಲೇ ಕೂತಿತು. ಕುಂಬಾರ ಬೀದಿಗೆ ಒಂದು ಹನಿ ಇಳಿಯಲಿಲ್ಲ. ಅವರ ಮಣ್ಣಿನ ಗುಂಡಿ ಒಣಗಿ ಬಿರಿಯಿತು. ಗುದ್ದಲಿ ಹಾಕಿದರೆ ಠಣ್ ಅನ್ನೋದು. ಆ ಬೀದಿಯ ಹಿರಿಯಳು ಚಿಕ್ಕತಾಯಮ್ಮ, ಹಲ್ಲೆಲ್ಲ ಹೋಗಿ ಎಲೆಅಡಿಕೆಯನ್ನ ಕುಟ್ಟಿಕೊಂಡು ತಿನ್ನೋ ಮುದುಕಿ, ಅವಳ ಗಂಡುಮಕ್ಕಳು ದೂರದ ಊರಿನ ಇಟ್ಟಿಗೆ ಗೂಡಿಗೆ ಹೋಗೋದು ಅಂತ ಮಾತಾಡಿಕೊಂಡಿದ್ದರು. ಈ ಸಲವೂ ನೀರು ಬರದಿದ್ದರೆ ಬೀದಿಗೆ ಬೀದಿಯೇ ಖಾಲಿ. ಮಡಕೆ ತಿರುಗಿಸೋ ತಿಗರಿಗಳನ್ನ ಆಗಲೇ ಗೋಡೆಗೆ ಒರಗಿಸಿ ಇಟ್ಟಿದ್ದರು.

ಹೊಸ ಹಳ್ಳ ಯಾರು ಅಂತ ಅರಳಿಕಟ್ಟೆಯಲ್ಲಿ ಸೇರಿದ್ವಿ. ಎಲ್ಲರ ಕಣ್ಣು ಉಮಾಪತಿಯ ಮೇಲೆ. ಆಟೋದಲ್ಲಿ ಮೈಕು ಕಟ್ಟಿಕೊಂಡು ಊರೂರಿಗೆ ಸರ್ಕಸ್ಸು, ಸೀರೆ ಮಾರಾಟ ಅಂತ ಸಾರಿಕೊಂಡು ಹೋಗೋ ಹುಡುಗ; ಒಳ್ಳೇ ಸ್ವಭಾವ, ಬಾಯಿ ಬಿಟ್ಟರೆ ಎಲ್ಲೂ ಅಡೆತಡೆ ಇಲ್ಲ. "ಇವನಾದರೆ ನೀರು ಕುಂಬಾರ ಬೀದಿ ದಾಟಿ ಪಕ್ಕದೂರಿಗೂ ಹೋಗುತ್ತೆ" ಅಂತ ಮುದ್ದವೀರಪ್ಪ ಅಂದ. ಅಷ್ಟರಲ್ಲಿ ನಮ್ಮಕ್ಕ ಕೋಲೂರಿಕೊಂಡು ಎದ್ದು ನಿಂತು, "ನನ್ನ ಮಗಳು ಇಂದ್ರಾಣಿಗೆ ಆಸೆ ಇದೆ" ಅಂದಳು. ಕಟ್ಟೆ ಮೇಲೆ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ನಮ್ಮೂರಲ್ಲಿ ಅದು ಎಷ್ಟು ದೊಡ್ಡ ವಿಷಯ ಅಂತ ನಿಮಗೆ ಈಗ ಗೊತ್ತಾಗಿರಬೇಕು.

ಇಂದ್ರಾಣಿಗೆ ಉಗ್ಗು. ಚಿಕ್ಕಂದಿನಿಂದ ಹಾಗೇ. ಒಂದೊಂದು ಮಾತು ಸಲೀಸಾಗಿ ಬರುತ್ತೆ, ಒಂದೊಂದು ಗಂಟಲಲ್ಲೇ ನಿಲ್ಲುತ್ತೆ. ಕಣ್ಣು ಮುಚ್ಚಿ, ಮುಷ್ಟಿ ಬಿಗಿದು ನಿಲ್ತಾಳೆ. ಅದಕ್ಕೇ ಏನೋ ಅವಳು ಅಂಗಡಿ ಬೋರ್ಡು ಬರೆಯೋ ಕೆಲಸ ಹಿಡಿದಳು. ನನ್ನ ಗಿರಣಿಯ ಬೋರ್ಡನ್ನೂ ಅವಳೇ ಬರೆದದ್ದು. ರಾಗಿ ತೆನೆ ಬಿಡಿಸಿದ್ದಾಳೆ, ಹಕ್ಕಿ ಬಂದು ಕುಕ್ಕುತ್ತೆ. ಅಂಥ ಹುಡುಗಿ ಊರ ಮುಂದೆ ನಿಂತು ಕಥೆ ಹೇಳೋದು ಅಂದರೆ! ನಾನು ಅಕ್ಕನನ್ನ ಮನೆಗೆ ಕರಕೊಂಡು ಹೋಗುವಾಗ ದಾರಿಯುದ್ದಕ್ಕೂ ಕೂಗಾಡಿದೆ. "ಅಲ್ಲಕ್ಕಾ, ನಿಂಗೆ ಬುದ್ಧಿಗಿದ್ಧಿ ಇದ್ಯಾ? ಮಗು ನಾಲ್ಕು ಜನರ ಮುಂದೆ ನಗೆಪಾಟಲಾಗ್ಲಿ ಅಂತಾನಾ? ಮೊದಲೇ ಹಳ್ಳ ಬತ್ತಿದೆ, ಇವಳು ಮಧ್ಯದಲ್ಲಿ ನಿಂತರೆ ಕುಂಬಾರ ಬೀದಿ ಗತಿ ಏನು?" ಅಕ್ಕ ಮಂಡಿ ತಿಕ್ಕಿಕೊಳ್ಳುತ್ತಾ, "ನಾನು ಬೇಡ ಅಂದೆ ಕಣೋ ಓಬಳ. ಅವಳು ರಾತ್ರಿ ಊಟ ಬಿಟ್ಟಳು. ಇಪ್ಪತ್ತು ಸಲ ಕೇಳಿದ ಮೇಲೆ ಒಂದೇ ಮಾತು ಹೇಳಿದ್ಲು, ನಿನ್ನ ಕಾಲು ಹೋಯ್ತು ಅಂತ ಬೀದಿ ಹೋಗ್ಬಾರದು ಅಂತ. ಏನು ಹೇಳ್ಲಿ ಹೇಳು" ಅಂದಳು.

ಹಳ್ಳ ಯಾರಾಗಬೇಕು ಅಂತ ತೀರ್ಮಾನ ಮಾಡೋ ಹಕ್ಕು ಕುಂಬಾರ ಬೀದಿಯವರದು. ನೀರು ಕೊನೆಗೆ ಮುಟ್ಟೋದು ಅವರನ್ನ. ಅವರಿಗೆ ಒಪ್ಪಿಗೆಯಾದರೆ ಉಳಿದವರಿಗೆಲ್ಲ ಒಪ್ಪಿಗೆ ಅಂತ ಹಿಂದಿನವರು ಮಾಡಿಟ್ಟದ್ದು. ಚಿಕ್ಕತಾಯಮ್ಮ ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಳು. ಅವಳು ಯೋಚಿಸ್ತಾ ಇದ್ದಷ್ಟು ದಿನ ಉಮಾಪತಿ ತನ್ನ ಆಟೋ ತೊಳೆದ, ಗಂಟಲಿಗೆ ಬಿಸಿನೀರು ಕುಡಿದ. ಇಂದ್ರಾಣಿ ಮಾತ್ರ ಬಣ್ಣದ ಡಬ್ಬಿ ಮೂಲೆಗಿಟ್ಟು ಹಳ್ಳದ ದಾರಿ ಹಿಡಿದಳು. ಬಂಡೆ ಹತ್ತಿರ ಕೂತು ಒಗೆಯೋರನ್ನ ಕೇಳಿದಳು, ಬಿದಿರು ಮೆಳೆ ಹತ್ತಿರ ಮೇದರನ್ನ ಕೇಳಿದಳು: ಇಲ್ಲಿಯ ಕಥೆ ಏನು, ಪೂರ್ತಿ ಹೇಳಿ. ಅವಳ ಪ್ರಶ್ನೆ ಮುಗಿಯೋಕೇ ಹೊತ್ತು ಹಿಡಿಯೋದರಿಂದ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಕೂರಲೇಬೇಕಾಯಿತು. ಕೂತ ಮೇಲೆ ನೆನಪು ತಾನಾಗಿ ಬಂತು. ಅವಳೋ, ಯಾರ ಮಾತಿಗೂ ನಡುವೆ ಬಾಯಿ ಹಾಕೋಳಲ್ಲ. ತನ್ನ ಮಾತು ಕೊನೆವರೆಗೂ ಯಾರಾದರೂ ಕೇಳಿದ್ದು ಇದೇ ಮೊದಲು ಅಂತ ಮೇದರ ಮುದುಕನೊಬ್ಬ ನನ್ನ ಗಿರಣಿಗೆ ಬಂದು ಕಣ್ಣೊರೆಸಿಕೊಂಡ. ನಾನು "ಹೌದೌದು, ಇಂದ್ರಿ ಅಂದ್ರೆ..." ಅಂತ ಶುರು ಮಾಡಿದೆ. ಅವನು ರಾಗಿ ಹಿಟ್ಟು ತಗೊಂಡು ಹೋಗಿಯೇಬಿಟ್ಟ.

ಚಿಕ್ಕತಾಯಮ್ಮನ ಹತ್ತಿರವೂ ಹೋಗಿದ್ದಳು. ಆ ವಾರವೇ ಮುದುಕಿ ಅರಳಿಕಟ್ಟೆಗೆ ಬಂದು, ಎಲೆಅಡಿಕೆ ಕುಟ್ಟೋ ಒರಳನ್ನ ಪಕ್ಕಕ್ಕಿಟ್ಟು ಹೇಳಿದಳು. "ಎಲ್ಲಾರೂ ನಮ್ಮ ಗುಂಡಿ ಕಥೆ ನಮಗೇ ಹೇಳೋರೇ. ಈ ಕೂಸು ಬಂದು ಕೇಳ್ತು. ನಮ್ಮ ಹಳ್ಳ ಇವಳೇ." ಮುದ್ದವೀರಪ್ಪ, "ಆದ್ರೆ ತಾಯಮ್ಮ, ಅವಳ ಮಾತು ನಿಂತುಬಿಟ್ರೆ?" ಅಂದ. "ನಿಂತ್ರೆ ನಿಂತುಕೊಳ್ಳುತ್ತೆ. ಎರಡು ವರ್ಷದಿಂದ ನೀರಿಗೆ ಕಾದಿಲ್ವಾ, ಒಂದು ಮಾತಿಗೆ ಕಾಯಕ್ಕಾಗಲ್ವಾ?" ಅಂದುಬಿಟ್ಟಳು ಮುದುಕಿ. ಉಮಾಪತಿ ಮುಖ ಸಣ್ಣದು ಮಾಡಿಕೊಂಡರೂ ಅಲ್ಲೇ ಇಂದ್ರಾಣಿಗೆ ಕೈ ಮುಗಿದು, "ಹಾಗಾದ್ರೆ ಗುಡ್ಡದ ಗಾಡಿ ನಾನು ತಳ್ತೀನಿ" ಅಂದ. ಒಳ್ಳೇ ಹುಡುಗ ಅಂತ ಆಗಲೇ ಹೇಳಿದೆನಲ್ಲ.

ಅಭ್ಯಾಸ ಶುರುವಾಯಿತು ನೋಡಿ, ನಮ್ಮ ಮರ್ಯಾದೆ ಹೋಯಿತು. ಅವಳದಲ್ಲ, ನಮ್ಮದು. ಶಾಲೆಯ ಬಯಲಲ್ಲಿ ಇಂದ್ರಾಣಿ ನೇರಳೆ ಮರದ ಕಥೆ ಹೇಳೋಕೆ ನಿಂತಳು. "ಮ... ಮ..." ಅಂದಳೋ ಇಲ್ಲವೋ, "ಮದುಮಗಳು!" ಅಂತ ಇಡೀ ಬಯಲೇ ಕೂಗಿತು. "ಹಣ್ಣು!" "ಬಾಯಿ ನೇರಳೆ ಬಣ್ಣ!" ನಾನೂ ಕೂಗಿದೆ ಅಂತ ಬೇರೆ ಹೇಳಬೇಕಾಗಿಲ್ಲ. ಎಲ್ಲರಿಗೂ ಸಹಾಯ ಮಾಡಿದ ಖುಷಿ. ಇಂದ್ರಾಣಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಸೆರಗು ಸುತ್ತಿಕೊಂಡು ಮನೆಗೆ ಹೋಗಿಬಿಟ್ಟಳು. ಮುಗೀತು, ಇನ್ನು ಬರಲ್ಲ ಅಂದುಕೊಂಡ್ವಿ. ಮಾರನೇ ದಿನ ಶಾಲೆಯ ಗೋಡೆ ಮೇಲೆ ದಪ್ಪ ನೀಲಿ ಅಕ್ಷರದಲ್ಲಿ ಬರೆದಿದ್ದಳು: "ಇವತ್ತಿನಿಂದ ಅಭ್ಯಾಸ ನಿಮಗೆ."

ಆಮೇಲೆ ದಿನಾ ಸಾಯಂಕಾಲ ನಾವು ಬಯಲಲ್ಲಿ ಸೇರಿ ಸುಮ್ಮನಿರೋದನ್ನ ಕಲಿತ್ವಿ. ಅವಳು ಎದುರು ನಿಂತು ಬೇಕಂತಲೇ ಒಂದು ಮಾತನ್ನ ಅರ್ಧಕ್ಕೆ ಬಿಡೋಳು. ನಾವು ಬಾಯಿ ಬಿಗಿಹಿಡಿದು ಕೂರೋದು. ಅಬ್ಬಬ್ಬಾ! ಮೊದಲನೇ ದಿನ ಒಬ್ಬರೂ ತಡೆದುಕೊಳ್ಳಲಿಲ್ಲ. ಮುದ್ದವೀರಪ್ಪ ಟವೆಲ್ಲಿನ ತುದಿ ಬಾಯಿಗೆ ತುರುಕಿಕೊಂಡ. ನನ್ನ ಹೆಂಡತಿ ಹಲ್ಲಿನ ಮಧ್ಯೆ ಲವಂಗ ಕಚ್ಚಿಕೊಂಡಳು. ನಾನು ಗುಡ್ಡ, ನನಗೆ ಅಭ್ಯಾಸ ಇದೆ ಅಂತ ಜಂಭ ಕೊಚ್ಚಿಕೊಂಡು ಹೋದವನು, ಎಲ್ಲರಿಗಿಂತ ಮೊದಲು ಸೋತೆ. ಮೈ ಅಲ್ಲಾಡಿಸದೆ ಇರೋದು ಬೇರೆ. ನಮ್ಮ ಮನೆ ಮಗು ಕಣ್ಣೆದುರಿಗೆ ಒದ್ದಾಡ್ತಾ ಇರುವಾಗ, ಅವಳಿಗೆ ಬೇಕಾದ ಮಾತು ನಮ್ಮ ನಾಲಿಗೆ ತುದಿಯಲ್ಲೇ ಇರುವಾಗ, ಅದನ್ನ ನುಂಗಿಕೊಳ್ಳೋದು ಬೇರೆ. ಆದರೂ ದಿನ ಕಳೆದ ಹಾಗೆ ಒಬ್ಬೊಬ್ಬರಿಗೇ ಒಲಿಯಿತು. ಊರಲ್ಲೂ ಬದಲಾವಣೆ ಕಾಣಿಸಿತು. ಗಿರಣಿಗೆ ಬಂದವರು ತಮ್ಮ ಮಾತು ತಾವೇ ಮುಗಿಸೋಕೆ ಶುರು ಮಾಡಿದರು. ಎಷ್ಟೋ ಜನ ನಾನು ಅಂದುಕೊಂಡದ್ದಲ್ಲದೆ ಬೇರೇನನ್ನೋ ಹೇಳ್ತಿದ್ದರು.

ಆಟದ ದಿನ ಬಂತು. ಬೆಳಿಗ್ಗೆ ಉಪ್ಪಿಟ್ಟು ತಿಂದು, ಕಂಬಳಿ ಹೊದ್ದು ಗಾಡಿ ಹತ್ತಿದೆ. ಉಮಾಪತಿ ಹಿಂದಿನಿಂದ ತಳ್ಳಿದ. ಮುಂದೆ ನೀಲಿ ಸೀರೆಯಲ್ಲಿ ನಮ್ಮ ಇಂದ್ರಾಣಿ. ಅಕ್ಕನನ್ನ ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ಒಗೆಯೋ ಬಂಡೆಯ ಹತ್ತಿರ ಹುಡುಗಿ ಮೊದಲ ಸಲ ನಿಂತಳು. ಮಾತು ತಡೆಯಿತು. ನಾವು ಕಾದ್ವಿ. ಬಂತು. ಮುಂದೆ ನೇರಳೆ ಮರ. ಅಲ್ಲಿ ಪೂರ್ತಿ ಕಥೆ ಕೇಳಿದಾಗ ಗೊತ್ತಾಯಿತು, ಹಣ್ಣು ತಿಂದ ಮದುಮಗಳು ನೇರಳೆ ಬಣ್ಣದ ಬಾಯಲ್ಲೇ ಮಂಟಪಕ್ಕೆ ಹೋದಳಂತೆ, ಬೀಗರು ರೇಗಾಡಿದರಂತೆ, ಮದುಮಗ ಮಾತ್ರ ಮೆಲ್ಲಗೆ "ನನಗೂ ತರಬಾರದಿತ್ತಾ" ಅಂದನಂತೆ. ಅವತ್ತಿನಿಂದ ಆ ಮರದ ಮೇಲೆ ಯಾರೂ ಕೊಡಲಿ ಎತ್ತಿಲ್ಲ. ಹಿಂದೆ ನಮ್ಮಜ್ಜಿ ಹೇಳ್ತಿದ್ದ ಕಥೆ. ಅದು ಕಳೆದುಹೋಗಿದೆ ಅನ್ನೋದೇ ನಮಗೆ ಮರೆತುಹೋಗಿತ್ತು. ಎತ್ತಿನ ಗಾಡಿಯಲ್ಲಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳ್ತಾ ನಗ್ತಾ ಇದ್ದಳು.

ಬಿದಿರು ಮೆಳೆ ದಾಟೋ ಹೊತ್ತಿಗೆ ಮಧ್ಯಾಹ್ನ ಮೀರಿತ್ತು. ಊಟ ಯಾರಿಗೂ ನೆನಪಾಗಲಿಲ್ಲ. ಕಡೆಗೆ ಮಣ್ಣಿನ ಗುಂಡಿಗೆ ಬಂದ್ವಿ. ಬಿರಿದ ನೆಲ, ಸುತ್ತ ಕುಂಬಾರ ಬೀದಿಯ ಜನ. ಚಿಕ್ಕತಾಯಮ್ಮನ ಗಂಡುಮಕ್ಕಳು ಕೈ ಕಟ್ಟಿಕೊಂಡು ಹಿಂದೆ ನಿಂತಿದ್ದರು. ಅವರ ಮನೆ ಜಗುಲಿ ಮೇಲೆ ಗಂಟುಮೂಟೆ ಕಟ್ಟಿಟ್ಟಿದ್ದು ನನ್ನ ಗಾಡಿಯಿಂದಲೇ ಕಾಣ್ತಿತ್ತು. ಇಲ್ಲಿಯ ಕಥೆ, ಹೊಟ್ಟೆಪಾಡಿಗೆ ಮಣ್ಣು ಹುಡುಕಿಕೊಂಡು ಬಂದ ಮೊದಲನೆಯ ಕುಂಬಾರ್ತಿಯದು. ಅವಳ ಹೆಸರು ಮಾಳವ್ವ. ಊರಿನ ಹಾಲುಕುಡಿಯೋ ಮಕ್ಕಳಿಗೂ ಗೊತ್ತಿರೋ ಹೆಸರು. ಇಂದ್ರಾಣಿ ಬಾಯಿ ತೆರೆದಳು. "ಮಾ..." ಅಂದಳು. ಅಲ್ಲಿಗೆ ನಿಂತಿತು.

ಕಾದ್ವಿ. ಅವಳು ಕಣ್ಣು ಮುಚ್ಚಿದಳು. ಕುತ್ತಿಗೆಯ ನರ ಬಿಗಿಯಿತು. ಇಷ್ಟು ಹೊತ್ತು ಎಲ್ಲೂ ತಡೆಯದಷ್ಟು ತಡೆಯಿತು. ನನ್ನ ಬಾಯೊಳಗೆ ಆ ಹೆಸರು ಕೆಂಡದ ಹಾಗೆ ಕೂತಿತ್ತು. ಒಂದು ಸಲ ಅಂದುಬಿಟ್ಟರೆ ಮಗುವಿಗೆ ಬಿಡುಗಡೆ. ಆದರೆ ಅಂದುಬಿಟ್ಟರೆ ನೀರು ಇವರನ್ನ ಬಿಟ್ಟು ಇನ್ನೆಲ್ಲಿಗೋ ಹೊರಟುಹೋಗುತ್ತೆ. ಹಿಂದೆ ಉಮಾಪತಿಯ ಉಸಿರು ಕೇಳ್ತಿತ್ತು. ಮುದ್ದವೀರಪ್ಪನ ಮುಖ ಕೆಂಪಗಾಗಿತ್ತು. ಇನ್ನೇನು ಯಾರಾದರೂ ಒಬ್ಬರು ಕೂಗಿಯೇಬಿಡ್ತಾರೆ ಅನ್ನೋ ಹೊತ್ತಿಗೆ ಚಿಕ್ಕತಾಯಮ್ಮ, ಎಲ್ಲರ ಮುಂದೆ ನಿಂತಿದ್ದವಳು, ಸೊಂಟ ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕೂತಳು. ಕಾಲು ಚಾಚಿದಳು. ಒರಳು ತೆಗೆದು ಎಲೆಅಡಿಕೆ ಕುಟ್ಟೋಕೆ ಶುರು ಮಾಡಿದಳು. ಅವಳನ್ನ ನೋಡಿ ಪಕ್ಕದವಳು ಕೂತಳು. ಅವಳನ್ನ ನೋಡಿ ಇನ್ನೊಬ್ಬಳು. ಹಾಗೇ ಊರಿಗೆ ಊರೇ ಗುಂಡಿಯ ಸುತ್ತ ಕೂತುಬಿಟ್ಟಿತು. ಒಬ್ಬ ತಾಯಿ ಮಗುವಿಗೆ ಹಾಲೂಡಿಸಿದಳು. ಯಾರೋ ಮಡಿಲಿನಿಂದ ಕಡಲೆಕಾಯಿ ತೆಗೆದು ಹಂಚಿದರು. ಹಿಂದೆ ಕೈ ಕಟ್ಟಿ ನಿಂತಿದ್ದ ಆ ಗಂಡುಮಕ್ಕಳೂ ಕೂತರು. ಸಿಪ್ಪೆ ಬಿಡಿಸೋ ಸದ್ದು, ಒರಳಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅಷ್ಟು ಜನ ನಾವು ಅಷ್ಟು ಹೊತ್ತು ಒಟ್ಟಿಗೆ ಸುಮ್ಮನಿದ್ದದ್ದು ನಮ್ಮೂರು ಹುಟ್ಟಿದ ಮೇಲೆ ಅದೇ ಮೊದಲಿರಬೇಕು. ಇಂದ್ರಾಣಿ ಕಣ್ಣು ಬಿಟ್ಟಳು. ನಮ್ಮನ್ನೆಲ್ಲ ನೋಡಿದಳು. ಮತ್ತೂ ಸ್ವಲ್ಪ ಹೊತ್ತಾಯಿತು. ಆಮೇಲೆ "ಮಾಳವ್ವ" ಅಂದಳು, ಮನೆಯೊಳಗಿಂದ ಯಾರನ್ನೋ ಊಟಕ್ಕೆ ಕರೆದಷ್ಟು ಸಲೀಸಾಗಿ.

ಮುಂದಿನ ಕಥೆ ಎಲ್ಲೂ ನಿಲ್ಲಲಿಲ್ಲ. ಮಾಳವ್ವ ಕಂಕುಳ ಕೂಸನ್ನ ಇಲ್ಲಿ ಇಳಿಸಿದಳಂತೆ. ಕೂಸು ಮಣ್ಣು ತಿಂದು ಇನ್ನೂ ಬೇಕು ಅಂತ ಅತ್ತಿತಂತೆ. ಇಷ್ಟು ರುಚಿಯ ಮಣ್ಣು ಬಿಟ್ಟು ಎಲ್ಲಿಗೆ ಹೋಗೋದು ಅಂತ ಇಲ್ಲೇ ಒಲೆ ಹೂಡಿದಳಂತೆ. ಮೊದಲು ಮಾಡಿದ ಬೋಗುಣಿಯನ್ನ ಮಾರಲಿಲ್ಲ, ಮನೆಗೂ ಇಟ್ಟುಕೊಳ್ಳಲಿಲ್ಲ. ಹಳ್ಳದಲ್ಲಿಟ್ಟು "ನೀನು ಕುಡಿ ತಾಯಿ, ಆಮೇಲೆ ನಾವು" ಅಂದಳಂತೆ. ಕಥೆ ಮುಗಿದ ಮೇಲೂ ಯಾರೂ ಚಪ್ಪಾಳೆ ತಟ್ಟಲಿಲ್ಲ, ಏಳಲೂ ಇಲ್ಲ. ನನ್ನ ಎರಡು ಕಾಲೂ ಜೋಮು ಹಿಡಿದಿತ್ತು. ಉಮಾಪತಿ ಎತ್ತಿ ಇಳಿಸಿದಾಗ ನಾನು ಗೊಳೋ ಅಂತ ಅತ್ತುಬಿಟ್ಟೆ. ಗುಡ್ಡ ಅಳೋ ಹಾಗಿಲ್ಲ ನಿಜ. ಆದರೆ ಆಟ ಮುಗಿದಿತ್ತು.

ಮಳೆ ಬಂತು. ಹಳ್ಳವೂ ಬಂತು, ಆದರೆ ಎಂಥ ಬರುವಿಕೆ! ಧಡಧಡ ಇಲ್ಲ, ಗದ್ದಲ ಇಲ್ಲ. ಒಗೆಯೋ ಬಂಡೆ ಹತ್ತಿರ ಬಂದು ನಿಂತಿತು. ಅಲ್ಲೊಂದು ಮಡು ಆಯಿತು. ಅದು ತುಂಬಿದ ಮೇಲೆ ಮುಂದೆ ಸರಿಯಿತು. ನೇರಳೆ ಮರದ ಬುಡದಲ್ಲಿ ಮತ್ತೆ ನಿಂತಿತು. ಬಿದಿರು ಮೆಳೆಗೆ ಬಂದು ನಿಂತದ್ದು ನಿಂತೇಬಿಟ್ಟಿತು. ದಿನಾ ಬೆಳಿಗ್ಗೆ ಛತ್ರಿ ಹಿಡಿದು ನೋಡಿಬರ್ತಿದ್ವಿ. ಒಂದು ಗೇಣೂ ಮುಂದೆ ಹೋಗಿರಲಿಲ್ಲ. ಎರಡು ವರ್ಷ ನಿಂತ ಜಾಗ ಅದೇ. ಇಂದ್ರಾಣಿ ಊಟ ಬಿಟ್ಟಳು, ಬೋರ್ಡು ಬರೆಯೋದು ಬಿಟ್ಟಳು. ಗುಂಡಿ ಕಡೆ ಕಾಲು ಹಾಕೋಕೂ ಅವಳಿಗೆ ಮುಖವಿರಲಿಲ್ಲ. ಕೊನೆಗೆ ಮುದ್ದವೀರಪ್ಪ ತಡೆಯಲಾರದೆ ಗುದ್ದಲಿ ಹೆಗಲಿಗೇರಿಸಿಕೊಂಡು, ಒಂದು ಕಾಲುವೆ ಕಡಿದು ನೀರನ್ನ ಕೆಳಗೆ ತಿರುಗಿಸಿಬಿಡ್ತೀನಿ ಅಂತ ಹೊರಟ. ಅವನ ಹಿಂದೆ ಹತ್ತು ಜನ. ದಾರಿಗೆ ಅಡ್ಡ ಬಂದವಳು ಚಿಕ್ಕತಾಯಮ್ಮ. "ಅವತ್ತು ಬಾಯಿ ಹಾಕ್ಲಿಲ್ಲ, ಇವತ್ತು ಗುದ್ದಲಿ ಹಾಕ್ತೀಯೇನಪ್ಪಾ?" ಅಂದಳು. ಮುದ್ದವೀರಪ್ಪ ಗುದ್ದಲಿ ಕೆಳಗಿಳಿಸಿದ. "ನಿಮ್ಮ ಮಕ್ಕಳು ಹೋಗ್ತಾರಲ್ಲ ತಾಯಮ್ಮ" ಅಂದ. ಮುದುಕಿಗೂ ಅದೇ ಭಯ ಇತ್ತು. "ಹೋಗೋರನ್ನ ನಾನು ಹಿಡ್ಕೋತೀನಿ. ನೀವು ಸುಮ್ಮನಿರಿ" ಅಂದಳು.

ಮೂರ್ನಾಲ್ಕು ದಿನ ಕಳೆದಿರಬೇಕು. ನಾನು ಗಿರಣಿ ಬಾಗಿಲು ತೆಗೀತಾ ಇದ್ದೆ. ಕುಂಬಾರ ಬೀದಿ ಕಡೆಯಿಂದ ಹೆಂಗಸರು ಕೂಗೋದು ಕೇಳಿಸಿತು. ಯಾರಿಗೋ ಏನೋ ಆಯಿತು ಅಂದುಕೊಂಡೆ. ಓಡಿದೆ. ಹಳ್ಳ ಗುಂಡಿಗೆ ಇಳೀತಾ ಇತ್ತು. ಸದ್ದಿಲ್ಲದೆ, ಬಿರುಕಿನಿಂದ ಬಿರುಕಿಗೆ. ಚಿಕ್ಕತಾಯಮ್ಮನ ದೊಡ್ಡ ಮಗ ಮೊಣಕಾಲೂರಿ, ಮೆತ್ತಗಾದ ಮಣ್ಣನ್ನ ಎರಡು ಕೈಯಲ್ಲೂ ಹಿಚುಕಿ ಹಿಚುಕಿ ನೋಡ್ತಿದ್ದ. ಆಮೇಲೆ ಎದ್ದು ಹೋಗಿ ಜಗುಲಿ ಮೇಲಿನ ಗಂಟು ಬಿಚ್ಚಿದ. ನಮ್ಮಕ್ಕನಿಗೆ ಸುದ್ದಿ ಹೇಳೋಕೆ ಹೋದವನು ನಾನೇ. ಬಾಗಿಲಲ್ಲಿ ನಿಂತರೆ ನನಗೆ ಮಾತೇ ಹೊರಡಲಿಲ್ಲ. ಅಕ್ಕ ನನ್ನ ಮುಖ ನೋಡಿ, ಏನೂ ಕೇಳದೆ, ದೇವರ ಮುಂದೆ ಹೋಗಿ ದೀಪ ಹಚ್ಚಿದಳು.

ಆ ವರ್ಷ ದೀಪಾವಳಿ ಬಂತು, ಹೋಯಿತು, ಮಡುಗಳು ಹಾಗೇ ಇದ್ದವು. ಬಾವಿಗಳಲ್ಲಿ ಕೊಡ ಮುಳುಗೋ ಸದ್ದು ಶಿವರಾತ್ರಿ ಕಳೆದರೂ ಬದಲಾಗಲಿಲ್ಲ. ಗುಂಡಿಯ ನೀರಂತೂ, ಊರವರೆಲ್ಲ ಅವತ್ತು ಎಲ್ಲೆಲ್ಲಿ ಕೂತಿದ್ದೆವೋ ಅಲ್ಲಿ ತನಕ ಹರಡಿ ನಿಂತಿತ್ತು; ಆಳ ಎಷ್ಟು ಅಂತ ಬಿದಿರು ಗಳ ಇಳಿಸಿದವರಿಗೆ ತಳ ಸಿಗಲಿಲ್ಲ. ಕುಂಬಾರರು ಒಂದು ದಡದಲ್ಲಿ ಮಣ್ಣು ತೆಗೀತಾರೆ, ಇನ್ನೊಂದು ದಡದಲ್ಲಿ ದನಕರು ನೀರು ಕುಡೀತಾವೆ. ಯಾವ ಯಾವ ಕಡೆಯಿಂದಲೋ ಹಕ್ಕಿಗಳು ಬಂದು ಇಳಿದಿವೆ, ಅವುಗಳ ಹೆಸರೂ ನಮಗೆ ಗೊತ್ತಿಲ್ಲ. ಬಿರು ಬೇಸಿಗೆಯ ಒಂದು ಸಂಜೆ ಇಂದ್ರಾಣಿ ಅಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ನಾನೂ ಪಂಚೆ ಮೇಲೆತ್ತಿ ಪಕ್ಕ ಕೂತೆ. ನೀರು ತಣ್ಣಗಿತ್ತು. ನನಗೆ ಹೇಳಬೇಕಾದ್ದು ಬಹಳ ಇತ್ತು, ನಿನ್ನಿಂದ ಊರು ಉಳೀತು ಮಗಳೇ, ನಮ್ಮ ಕಥೆಗಳು ನಮಗೆ ಸಿಕ್ಕವು ಅಂತ. ಅದನ್ನೆಲ್ಲ ಹೇಳೋ ಬದಲು ಬಾಯಿಂದ ಬಂದದ್ದು, "ಅವತ್ತು ಇಲ್ಲಿ ಅಷ್ಟು ಹೊತ್ತು ತಡೀತಲ್ಲ ಇಂದ್ರಿ, ಬಹಳ ಕಷ್ಟ ಆಯ್ತಾ?" ಅಂತ.

ಅವಳು ನೀರಲ್ಲಿ ಕಾಲಾಡಿಸಿದಳು. ಹೇಳೋಕೆ ಶುರು ಮಾಡಿದಳು, ನಿಂತಳು. ನಾನು ಕಾದೆ. ಎದುರು ದಡದಲ್ಲಿ ಒಂದು ಎಮ್ಮೆ ನೀರು ಕುಡಿದು ಮುಗಿಸಿ ಹೋಯಿತು.

"ಮೊ... ಮೊದಲು ಕಷ್ಟ ಆಯ್ತು ಮಾಮ" ಅಂದಳು. "ಆಮೇಲೆ ಕಣ್ಣು ಬಿಟ್ಟೆನಲ್ಲ, ಆಗಲೇ ಮಾತು ಬಂದುಬಿಟ್ಟಿತ್ತು. ನಾಲಿಗೆ ಮೇಲೇ ಇತ್ತು. ನೋಡಿದ್ರೆ ನೀವೆಲ್ಲಾ ಕೂತಿದ್ರಿ. ನಂಗೋಸ್ಕರ ಯಾರೂ ಯಾವತ್ತೂ ಹಾಗೆ ಕೂತಿರ್ಲಿಲ್ಲ. ಅದಕ್ಕೇ ಇನ್ನೊಂದು ಸ್ವಲ್ಪ ಹೊತ್ತು ಹೇಳದೆ ಹಾಗೇ ಇಟ್ಕೊಂಡೆ."